ಗಂಡಸರ ಆಪರೇಷನ್: ಸರ್ಕಾರಿ ಆಸ್ಪತ್ರೆಯ ಸೇವೆ ಹೇಗಿದೆ? ಶಿರಸಿ ಕಡೆಯವನ ವಿಮರ್ಶೆ

ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಎನ್‌ಎಸ್‌ವಿ ಮಾಡಿಸಿಕೊಂಡೆ. ಹೊಲಿಗೆ ಇಲ್ಲದೆ ಮಾಡುವ ಗಂಡಸರ ಸಂತಾನ ನಿಯಂತ್ರಣ ಆಪರೇಷನ್ ಅದು. ಮಾಡಿಸುವ ಮೊದಲು ಕನ್ನಡದಲ್ಲಿ ಇದರ ಬಗ್ಗೆ ಎಷ್ಟು ಹುಡುಕಿದರೂ ಸಿಕ್ಕಿದ್ದು ಇಲಾಖೆಯ ಪ್ರಕಟಣೆ ಮತ್ತು ಪೇಪರಿನಲ್ಲಿ ಬಂದ ಜಾಗೃತಿ ಜಾಥಾದ ಫೋಟೋ. ಮಾಡಿಸಿಕೊಂಡ ಒಬ್ಬ ಮನುಷ್ಯ ಕೂತು, ನೋವು ಎಷ್ಟಾಯ್ತು, ಎಲ್ಲಿ ಕಾಯಿಸಿದರು, ಮನೆಗೆ ಹೋದ ಮೇಲೆ ಏನಾಯ್ತು ಅಂತ ಬರೆದದ್ದು ಒಂದೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಡಾಕ್ಟರ ಕೈಚಳಕಕ್ಕೆ ಐದಕ್ಕೆ ಐದು. ಸಿಸ್ಟರ್‌ಗಳ ನಡವಳಿಕೆಗೆ ನಾಲ್ಕು. ಮಾಹಿತಿ ಕೊಡುವುದಕ್ಕೆ ಎರಡು. ಆಪರೇಷನ್ ಆದ ಮೇಲೆ ವಿಚಾರಿಸಿಕೊಂಡದ್ದಕ್ಕೆ ಒಂದು, ಅದೂ ನಮ್ಮೂರ ಆಶಾ ಕಾರ್ಯಕರ್ತೆಯಿಂದಾಗಿ. ಆಸ್ಪತ್ರೆಯಲ್ಲಿ ನನಗಾದ ಖರ್ಚು ಸೊನ್ನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಅಲ್ಲಿ ಕೆಲಸ ಮಾಡುವ ನಾಲ್ಕು ಜನರ ಮೇಲಲ್ಲ, ಇಡೀ ವ್ಯವಸ್ಥೆ ಗಂಡಸನ್ನು ಲೆಕ್ಕಕ್ಕೇ ಹಿಡಿಯದೆ ನಡೆಯುತ್ತಿದೆ ಅನ್ನುವುದರ ಮೇಲೆ.

ನಮಗೆ ಇಬ್ಬರು ಹೆಣ್ಣುಮಕ್ಕಳು. ಎರಡು ಸಾಕು ಅಂತ ನಾವಿಬ್ಬರೂ ಮದುವೆಯಾದ ಹೊಸತರಲ್ಲೇ ಮಾತಾಡಿಕೊಂಡಿದ್ದೆವು. ಗಂಡಾಗಲಿ ಹೆಣ್ಣಾಗಲಿ, ಎರಡಕ್ಕೆ ನಿಲ್ಲಿಸುವುದು. ಮೊದಲ ಮಗಳಾದ ಮೇಲೆ ನನ್ನ ಹೆಂಡತಿ ಕಾಪರ್ ಟಿ ಹಾಕಿಸಿಕೊಂಡಿದ್ದಳು. ಹತ್ತು ವರ್ಷ ಬಾಳಿಕೆ ಬರುವಂಥದ್ದು, ಎಷ್ಟೋ ಜನರಿಗೆ ಚೆನ್ನಾಗಿ ಒಗ್ಗುತ್ತದೆ. ಅವಳಿಗೆ ಒಗ್ಗಲಿಲ್ಲ, ತಿಂಗಳ ಸ್ರಾವ ಜಾಸ್ತಿಯಾಗಿ ತೆಗೆಸಬೇಕಾಯ್ತು. ಎರಡನೆಯವಳು ಹುಟ್ಟಿದಾಗ ವಾರ್ಡಿನಲ್ಲೇ ಕೇಳಿದರು, ಹೇಗೂ ಬಂದಿದ್ದೀರಿ, ಆಪರೇಷನ್ ಮಾಡಿಸಿಕೊಂಡೇ ಹೋಗಿ ಅಂತ. ಅವಳು ಒಪ್ಪಲಿಲ್ಲ. ಬಾಣಂತನದ ಸುಸ್ತಿನಲ್ಲೇ ಹೊಟ್ಟೆ ಕೊಯ್ಯಿಸಿಕೊಳ್ಳುವುದು ನನ್ನಿಂದಾಗದು ಅಂದಳು. ಸರಿ, ನಾನು ಮಾಡಿಸಿಕೊಳ್ಳುತ್ತೇನೆ ಅಂದೆ. ಅಲ್ಲಿದ್ದ ಸಿಸ್ಟರ್ ನನ್ನ ಮುಖ ನೋಡಿ ಸುಮ್ಮನಾದರು. ಗಂಡಸರಿಗೂ ಇದೆ, ಇಂಥ ದಿನ ಬನ್ನಿ ಅಂತ ಒಂದು ಮಾತು ಅವತ್ತೇ ಹೇಳಬಹುದಿತ್ತು.

ಇಬ್ಬರೇ ಸಾಕು ಅಂದಾಗ ನಮ್ಮ ಕಡೆ ಎರಡು ಥರದ ಮಾತು ಬರುತ್ತದೆ. ಒಂದು, ಎರಡೂ ಹೆಣ್ಣಲ್ವಾ, ಇನ್ನೊಂದು ನೋಡಿ. ಇದಕ್ಕೆ ನನ್ನ ಉತ್ತರ ಚಿಕ್ಕದು: ನನ್ನ ಮಕ್ಕಳಲ್ಲಿ ಯಾವ ಕೊರತೆಯೂ ಇಲ್ಲ. ಇನ್ನೊಂದು ಮಾತು ಸ್ವಲ್ಪ ಯೋಚಿಸಬೇಕಾದ್ದು. ಊರಲ್ಲಿ ಜನವೇ ಇಲ್ಲ, ಶಾಲೆಗೆ ಮಕ್ಕಳಿಲ್ಲದೆ ಬಾಗಿಲು ಹಾಕುವ ಹಾಗಾಗಿದೆ, ತೋಟ ನೋಡುವವರಿಲ್ಲ, ಇನ್ನು ಜನಸಂಖ್ಯೆ ಜಾಸ್ತಿ ಅನ್ನುವುದು ಎಲ್ಲಿಂದ ಬಂತು ಅಂತ.

ಅವರು ಹೇಳುವುದರಲ್ಲಿ ಸುಳ್ಳಿಲ್ಲ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ಅದಕ್ಕಿಂತ ಹತ್ತು ವರ್ಷ ಹಿಂದೆ 13.53 ಲಕ್ಷ ಇತ್ತು, ಏರಿದ್ದು ಬರೀ ಶೇಕಡಾ 6. ಚದರ ಕಿಲೋಮೀಟರಿಗೆ ಇಡೀ ರಾಜ್ಯದಲ್ಲಿ 319 ಜನ ಇದ್ದರೆ ನಮ್ಮಲ್ಲಿ 140. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ದೇಶದ್ದು 2.0. ಒಂದು ತಲೆಮಾರು ಹೋಗಿ ಇನ್ನೊಂದು ಅಷ್ಟೇ ಸಂಖ್ಯೆಯಲ್ಲಿ ನಿಲ್ಲಬೇಕಾದರೆ 2.1 ಬೇಕು. ಅಂದರೆ ನಾವು ಆಗಲೇ ಅದಕ್ಕಿಂತ ಕೆಳಗೆ ಇಳಿದಿದ್ದೇವೆ.

ಹಾಗಿದ್ದೂ ನಾನು ಎರಡಕ್ಕೆ ನಿಲ್ಲಿಸಿದ್ದು ಏಕೆ? ನಮ್ಮೂರಿನ ಮಕ್ಕಳು ನಮ್ಮೂರಲ್ಲಿ ಉಳಿಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅವರು ಬೆಂಗಳೂರಲ್ಲಿ, ಪುಣೆಯಲ್ಲಿ ಇರುತ್ತಾರೆ. ಅಲ್ಲಿ ಫ್ಲ್ಯಾಟು ಬೇಕು, ಕರೆಂಟು ಬೇಕು, ನೀರು ಬೇಕು, ರಸ್ತೆ ಬೇಕು. ಆ ಕರೆಂಟು ಎಲ್ಲಿಂದ ಹೋಗುತ್ತದೆ? ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು. ಶರಾವತಿಗೆ ಗೇರುಸೊಪ್ಪ. ಕೈಗಾದಲ್ಲಿ ಅಣು ಸ್ಥಾವರ. ಸೂಪಾದಲ್ಲಿ ಊರಿಗೆ ಊರೇ ನೀರಿನಡಿ ಹೋಯ್ತು. ಈಗ ಬೇಡ್ತಿ ನದಿಯ ನೀರನ್ನು ವರದಾ ನದಿಗೆ ತಿರುಗಿಸುವ ಮಾತು ನಡೆಯುತ್ತಲೇ ಇದೆ, ಶಿರಸಿ ಯಲ್ಲಾಪುರದವರು ವಿರೋಧ ಮಾಡುತ್ತಲೇ ಇದ್ದಾರೆ. ಆ ಸಭೆಗಳಿಗೆ ನಾನೂ ಹೋಗಿದ್ದೇನೆ. ನಮ್ಮ ಕಾಡಿನ ಮೇಲೆ ಬೀಳುವ ಭಾರ ನಮ್ಮೂರ ತಲೆ ಎಣಿಸಿದರೆ ಗೊತ್ತಾಗುವುದಿಲ್ಲ, ನಮ್ಮ ಮಕ್ಕಳು ಹೋಗಿ ನೆಲೆಸಿದ ಊರುಗಳನ್ನೂ ಸೇರಿಸಿ ಎಣಿಸಬೇಕು. 1951ರಲ್ಲಿ ದೇಶದಲ್ಲಿ 36 ಕೋಟಿ ಜನ. ಈಗ 140 ಕೋಟಿ ದಾಟಿದೆ, 2023ರಲ್ಲಿ ಚೀನಾವನ್ನೂ ಹಿಂದೆ ಹಾಕಿದೆವು. 2022ರ ನವೆಂಬರಿನಲ್ಲಿ ಜಗತ್ತು 800 ಕೋಟಿ ಮುಟ್ಟಿತು.

ತಲೆ ಲೆಕ್ಕ ಒಂದೇ ಸಾಲದು ಅಂತಲೂ ನನಗೆ ಗೊತ್ತು. ಒಬ್ಬೊಬ್ಬ ಎಷ್ಟು ಉಪಯೋಗಿಸುತ್ತಾನೆ ಅನ್ನುವುದೂ ಅಷ್ಟೇ ದೊಡ್ಡದು. ಐದು ಮಕ್ಕಳಿರುವ ಬಡ ಮನೆಗಿಂತ ಎರಡು ಕಾರು, ಮೂರು ಎಸಿ ಇರುವ ಒಂದೇ ಮಗುವಿನ ಮನೆ ಭೂಮಿಗೆ ಜಾಸ್ತಿ ಭಾರ ಆಗಬಹುದು. ಹಾಗಾಗಿ ಬಡವರ ಕಡೆ ಬೆರಳು ತೋರಿಸುವವರ ಜೊತೆ ನಾನಿಲ್ಲ. ಒಂದು ಧರ್ಮದವರ ಕಡೆ ತೋರಿಸುವವರ ಜೊತೆಯಂತೂ ಇಲ್ಲವೇ ಇಲ್ಲ. ಅದೇ ಸಮೀಕ್ಷೆಯ ಅಂಕಿ ತೆಗೆದು ನೋಡಿ: 1992–93ರಲ್ಲಿ ಮುಸ್ಲಿಂ ಹೆಂಗಸರಿಗೆ ಸರಾಸರಿ 4.4 ಮಕ್ಕಳಿದ್ದರು, 2019–21ರಲ್ಲಿ 2.4. ಹಿಂದೂಗಳದ್ದು 3.3ರಿಂದ 1.9ಕ್ಕೆ ಬಂದಿದೆ. ಎಲ್ಲರ ಮನೆಯಲ್ಲೂ ಇಳಿದಿದೆ, ಮುಸ್ಲಿಮರಲ್ಲಿ ಇನ್ನೂ ಬೇಗ ಇಳಿದಿದೆ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಹುಟ್ಟಿದ ಮಕ್ಕಳು ಬದುಕಿ ಉಳಿಯತೊಡಗಿದವು, ಮಾತ್ರೆ ಆಪರೇಷನ್ ಹತ್ತಿರದಲ್ಲೇ ಸಿಕ್ಕಿತು, ಇಳಿಯಿತು.

ಯಾರೂ ಬಲವಂತ ಮಾಡದೆಯೇ ಇಳಿದದ್ದು ಅನ್ನುವುದು ನನಗೆ ಮುಖ್ಯ. ಬಲವಂತ ಮಾಡಿದಾಗ ಏನಾಯ್ತು ಅಂತ ನಮ್ಮ ಹಿರಿಯರನ್ನು ಕೇಳಿ. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷ ದೇಶದಲ್ಲಿ ಸುಮಾರು 83 ಲಕ್ಷ ಆಪರೇಷನ್ ಆಯ್ತು, ಅದರಲ್ಲಿ ಮುಕ್ಕಾಲು ಪಾಲು ಗಂಡಸರದ್ದು. ಗುರಿ ಮುಟ್ಟದಿದ್ದರೆ ನೌಕರರ ಸಂಬಳಕ್ಕೆ ಕತ್ತರಿ. ಉತ್ತರದ ರಾಜ್ಯಗಳಲ್ಲಿ ಪೊಲೀಸರೇ ಜನರನ್ನು ಹಿಡಿದು ತಂದರು. 1977ರ ಚುನಾವಣೆಯಲ್ಲಿ ಸರ್ಕಾರ ಬಿತ್ತು, ಇಲಾಖೆಯ ಹೆಸರು ಕುಟುಂಬ ಯೋಜನೆಯಿಂದ ಕುಟುಂಬ ಕಲ್ಯಾಣಕ್ಕೆ ಬದಲಾಯಿತು. ಆಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಭಾರ ಪೂರ್ತಿ ಹೆಂಗಸರ ಮೇಲೆ ಬಿತ್ತು.

ಎಷ್ಟು ಬಿತ್ತು ಅಂದರೆ, 2019–21ರ ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ ಪ್ರತಿ 100 ಹೆಂಗಸರಲ್ಲಿ ಸುಮಾರು 38 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ಸಾವಿರಕ್ಕೆ ಮೂರು. ಕರ್ನಾಟಕದಲ್ಲಿ ಹೆಂಗಸರದ್ದು 100ಕ್ಕೆ 57ರ ಆಸುಪಾಸು, ಗಂಡಸರದ್ದು ಸೊನ್ನೆ ಅಂತಲೇ ಬರೆಯಬೇಕು. ಈ ಎರಡು ಅಂಕಿ ಅಕ್ಕಪಕ್ಕ ನೋಡಿದ ದಿನ ನನಗೆ ನಿಜಕ್ಕೂ ಸಿಟ್ಟು ಬಂತು. ಏಕೆಂದರೆ ಎರಡರಲ್ಲಿ ಸುಲಭದ್ದು ನಮ್ಮದು. ಅವರಿಗೆ ಹೊಟ್ಟೆ ತೆರೆಯಬೇಕು, ನಮಗೆ ಚರ್ಮದಲ್ಲಿ ಒಂದು ಚುಚ್ಚು ಸಾಕು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಹತ್ತಿರ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು, 13 ಜನ ತೀರಿಹೋದರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು. ಆ 13 ಜನರಲ್ಲಿ ಒಬ್ಬರ ಗಂಡನಾದರೂ ಬದಲಿಗೆ ಹೋಗಿದ್ದರೆ ಅಂತ ಅನ್ನಿಸುತ್ತದೆ.

ಇದೆಲ್ಲ ಹೊರಗಿನವರು ತಂದು ಹೇರಿದ್ದು ಅನ್ನುವವರಿಗೆ ಒಂದು ವಿಷಯ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರದ ಕಡೆಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ ಅವರು 1921ರಲ್ಲೇ ಕ್ಲಿನಿಕ್ ಶುರು ಮಾಡಿದ್ದರು. ಸ್ವತಂತ್ರ ಭಾರತ 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಮಾಡಿತು, ಜಗತ್ತಿನಲ್ಲಿ ಅದೇ ಮೊದಲು. ಆರತಿಗೊಬ್ಬಳು ಕೀರ್ತಿಗೊಬ್ಬ ಅನ್ನುವುದನ್ನು ಕೆಂಪು ತ್ರಿಕೋನದ ಜೊತೆ ಗೋಡೆಗಳ ಮೇಲೆ ಓದಿಕೊಂಡೇ ನಮ್ಮ ಅಪ್ಪ ಅಮ್ಮಂದಿರು ಸಂಸಾರ ಮಾಡಿದ್ದು.

ಸರಿ, ಸೇವೆಯ ವಿಷಯಕ್ಕೆ ಬರುತ್ತೇನೆ.

ಮೊದಲು ವಿಚಾರಿಸಿದ್ದು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ. ಕೌಂಟರಿನಲ್ಲಿದ್ದವರು, ನಿಮ್ಮ ಮಿಸೆಸ್ ಅನ್ನು ಕರಕೊಂಡು ಬನ್ನಿ, ಅವರಿಗೇ ಮಾಡೋಣ, ಲ್ಯಾಪ್ರೋಸ್ಕೋಪಿಯಲ್ಲಿ ಆಗುತ್ತದೆ ಅಂದರು. ನನಗೆ ಮಾಡಿ ಅಂದರೆ, ಇಲ್ಲಿ ಅದು ಇಲ್ಲ ಅಂದರು. ಆಮೇಲೆ ನಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಅವರಿಗೆ ಮೊದಲು ಆಶ್ಚರ್ಯ, ನಂತರ ಬಹಳ ಖುಷಿ. ಫೋನ್ ಮಾಡಿ ಡಾಕ್ಟರು ಯಾವ ದಿನ ಇರುತ್ತಾರೆ ಅಂತ ಅವರೇ ಕೇಳಿ ಹೇಳಿದರು. ಇಲ್ಲೇ ಮೊದಲ ತೊಡಕು. ಎನ್‌ಎಸ್‌ವಿ ಮಾಡಲು ಬೇರೆ ತರಬೇತಿ ಬೇಕು, ಅದು ಆದ ಡಾಕ್ಟರು ಎಲ್ಲ ಕಡೆ ಇಲ್ಲ. ಒಂದು ಸಲ ಹೋದಾಗ ಅವರು ಮೀಟಿಂಗಿಗೆ ಹೋಗಿದ್ದರು. ತೋಟದ ಕೆಲಸ ಬಿಟ್ಟು, ಬಸ್ಸು ಹಿಡಿದು ಬಂದವನಿಗೆ ಹೀಗಾದರೆ ಎರಡನೇ ಸಲ ಬರುವವರು ಎಷ್ಟು ಜನ?

ಆಪ್ತ ಸಮಾಲೋಚನೆ ಅಂತ ಬೋರ್ಡಿರುವ ಕೋಣೆಯಲ್ಲಿ ಕೂರಿಸಿದರು. ಗೋಡೆಯ ಮೇಲಿನ ಚಿತ್ರಗಳಲ್ಲಿ ಹೆಂಗಸರೇ. ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ, ಮಾಲಾ-ಎನ್, ಕಾಪರ್ ಟಿ ಎಲ್ಲ ವಿವರವಾಗಿ ಇತ್ತು. ಮೂರು ತಿಂಗಳಿಗೊಮ್ಮೆ ಅಂತರಾ, ವಾರದ ಲೆಕ್ಕದಲ್ಲಿ ಛಾಯಾ, ಎಲ್ಲವೂ ಉಚಿತ, ಒಳ್ಳೆಯದೇ. ಆದರೆ ಗಂಡಸಿಗೆ ಅಂತ ನಿರೋಧ್ ಡಬ್ಬ ಬಿಟ್ಟರೆ ಏನೂ ಇರಲಿಲ್ಲ. ಎನ್‌ಎಸ್‌ವಿ ಬಗ್ಗೆ ಕನ್ನಡದ ಒಂದು ಕರಪತ್ರ ಕೇಳಿದೆ, ಮುಗಿದಿದೆ ಅಂದರು. ಸಮಾಲೋಚಕಿ ಮಾತ್ರ ಒಳ್ಳೆಯ ಮನುಷ್ಯಳು. ಇದು ಶಾಶ್ವತ, ಮತ್ತೆ ಜೋಡಿಸುವ ಆಪರೇಷನ್ ಇದ್ದರೂ ಗ್ಯಾರಂಟಿ ಇಲ್ಲ, ಇಬ್ಬರೂ ಸರಿಯಾಗಿ ಯೋಚನೆ ಮಾಡಿದ್ದೀರಾ ಅಂತ ನೇರವಾಗಿ ಕೇಳಿದಳು. ಹೀಗೆ ಕೇಳಲೇಬೇಕು. ಮಾಡಿಸಿಕೊಳ್ಳುವವನು ಮದುವೆಯಾಗಿರಬೇಕು, 60 ದಾಟಿರಬಾರದು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು, ಇದು ಸರ್ಕಾರದ ನಿಯಮ. ಹೆಂಡತಿಯ ಸಹಿ ಕಡ್ಡಾಯವಲ್ಲ. ಮಕ್ಕಳೇ ಬೇಡ ಅಂತ ನಿರ್ಧಾರ ಮಾಡಿದ ಜೋಡಿಗಳಿಗೆ ಈ ನಿಯಮದಿಂದ ಸರ್ಕಾರಿ ಆಸ್ಪತ್ರೆಯ ಬಾಗಿಲು ಮುಚ್ಚಿದ ಹಾಗೆಯೇ. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ವಯಸ್ಸಿಗೆ ಬಂದವರು ಯೋಚನೆ ಮಾಡಿಯೇ ಹೇಳುತ್ತಾರೆ.

ರಕ್ತ, ಮೂತ್ರ ಪರೀಕ್ಷೆ ಆಯ್ತು. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು, ಓದಲು ಸಮಯ ಕೊಟ್ಟರು. ಕಾಯಲು ಜಾಗ ಹೆರಿಗೆ ವಾರ್ಡಿನ ಪಡಸಾಲೆ. ಬಸುರಿಯರು, ಅವರ ಅಮ್ಮಂದಿರು, ಅತ್ತೆಯಂದಿರ ನಡುವೆ ನಾನೊಬ್ಬ. ಗಂಡಸರ ಆಪರೇಷನ್ನಿಗೆ ಬಂದವರು ಯಾರು ಅಂತ ಒಬ್ಬರು ಜೋರಾಗಿ ಕೂಗಿದರು. ನಾನು ಎದ್ದು ಹೋದೆ, ನನಗೆ ನಾಚಿಕೆಯೇನೂ ಇಲ್ಲ. ಆದರೆ ಊರಿಗೆ ಗೊತ್ತಾಗಬಾರದು ಅಂತ ಹೆದರಿಕೊಂಡು ಬಂದವನಿದ್ದರೆ ಆ ಕೂಗಿಗೇ ವಾಪಸ್ ಹೋಗುತ್ತಿದ್ದ. ಹೆಸರು ಹಿಡಿದು ಕರೆದರೆ ಸಾಕಲ್ವಾ? ಇದಕ್ಕೆ ದುಡ್ಡೂ ಬೇಡ, ಆದೇಶವೂ ಬೇಡ.

ಒಳಗೆ ಹೋದ ಮೇಲೆ ನನಗೆ ಹೇಳುವುದು ಬರೀ ಒಳ್ಳೆಯದೇ. ಡಾಕ್ಟರು ಮಾತಾಡಿಸುತ್ತಲೇ ಮಾಡಿದರು. ವೃಷಣದ ಚೀಲದ ಚರ್ಮಕ್ಕೆ ಒಂದು ಇಂಜೆಕ್ಷನ್, ಅದು ಚುರುಕ್ ಅನ್ನುತ್ತದೆ, ಹಲ್ಲು ಡಾಕ್ಟರು ವಸಡಿಗೆ ಕೊಡುವಷ್ಟು. ಆಮೇಲೆ ಆ ಜಾಗ ಜೋಮು. ಚೂಪು ಮೊನೆಯ ಒಂದು ಇಕ್ಕಳದಿಂದ ಚರ್ಮದಲ್ಲಿ ಸಣ್ಣ ತೂತು ಮಾಡುತ್ತಾರೆ, ಬ್ಲೇಡು ಇಲ್ಲ. ಅದೇ ತೂತಿನಿಂದ ಎರಡೂ ಬದಿಯ ವೀರ್ಯನಾಳವನ್ನು ಒಂದೊಂದಾಗಿ ಹೊರಗೆ ಎಳೆದು, ಸ್ವಲ್ಪ ಕತ್ತರಿಸಿ, ಕಟ್ಟಿ, ಒಳಗೆ ಬಿಡುತ್ತಾರೆ. ಎಳೆಯುವಾಗ ಕಿಬ್ಬೊಟ್ಟೆಯಲ್ಲಿ ಒಂಥರಾ ಜಗ್ಗಿದ ಹಾಗಾಗುತ್ತದೆ. ನೋವು ಅನ್ನುವುದಕ್ಕಿಂತ ಕಸಿವಿಸಿ ಅನ್ನಬೇಕು. ಹೊಲಿಗೆ ಇಲ್ಲ, ಒಂದು ಸಣ್ಣ ಪಟ್ಟಿ ಅಷ್ಟೆ. ಒಟ್ಟು ಹದಿನೈದಿಪ್ಪತ್ತು ನಿಮಿಷದ ಕೆಲಸ. ಈ ವಿಧಾನ 1974ರಲ್ಲಿ ಚೀನಾದ ಡಾಕ್ಟರ್ ಲೀ ಶುನ್‌ಚಿಯಾಂಗ್ ಕಂಡುಹಿಡಿದದ್ದು, ನಮ್ಮ ದೇಶಕ್ಕೆ 1990ರ ದಶಕದಲ್ಲಿ ಬಂತು. ನಮ್ಮ ಅಪ್ಪಂದಿರ ಕಾಲದ ಕತ್ತರಿ ಹೊಲಿಗೆಯ ಆಪರೇಷನ್ ಬೇರೆ, ಇದು ಬೇರೆ.

ಸ್ವಲ್ಪ ಹೊತ್ತು ಮಲಗಿಸಿ ಕಳಿಸಿದರು. ಭಾವನ ಕಾರಿನಲ್ಲಿ ಮನೆಗೆ ಬಂದೆ. ಬೈಕ್ ಬೇಡವೇ ಬೇಡ, ನಮ್ಮ ರಸ್ತೆಗಳ ಹೊಂಡಕ್ಕಂತೂ ಬೇಡ. ಮೊದಲ ರಾತ್ರಿ ಭಾರ ಭಾರ ಅನ್ನಿಸಿತು, ಬಟ್ಟೆಯಲ್ಲಿ ಐಸ್ ಸುತ್ತಿ ಇಟ್ಟುಕೊಂಡೆ. ಬಿಗಿ ಚಡ್ಡಿ ಹಾಕಿಕೊಳ್ಳಲೇಬೇಕು, ಅದು ಎತ್ತಿ ಹಿಡಿದಷ್ಟೂ ನೋವು ಕಡಿಮೆ. ಸ್ವಲ್ಪ ನೀಲಿಗಟ್ಟಿತ್ತು, ತಾನೇ ಹೋಯ್ತು. ಎರಡು ದಿನ ಪೂರ್ತಿ ವಿಶ್ರಾಂತಿ, ಒಂದು ವಾರ ಭಾರ ಎತ್ತಬೇಡಿ, ಸೈಕಲ್ ತುಳಿಯಬೇಡಿ ಅಂತ ಡಾಕ್ಟರು ಹೇಳಿದ್ದರು, ಹಾಗೇ ಮಾಡಿದೆ. ಜ್ವರ ಬಂದರೆ, ಊತ ಜಾಸ್ತಿಯಾಗುತ್ತಾ ಹೋದರೆ, ಕೀವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಶಕ್ತಿ ಹೋಗುತ್ತದಾ? ಇಲ್ಲ. ಗಂಡಸುತನದ ಹಾರ್ಮೋನು ರಕ್ತಕ್ಕೆ ನೇರವಾಗಿ ಸೇರುತ್ತದೆ, ಈ ನಾಳಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕಟ್ಟುವುದು ವೀರ್ಯಾಣು ಹೋಗುವ ದಾರಿಯನ್ನು ಮಾತ್ರ. ವೀರ್ಯದಲ್ಲಿ ವೀರ್ಯಾಣುವಿನ ಪಾಲು ತೀರಾ ಸ್ವಲ್ಪ, ಉಳಿದ ದ್ರವವೆಲ್ಲ ಮೊದಲಿನ ಹಾಗೇ ಬರುತ್ತದೆ. ಹೊರಗೆ ಹೋಗದ ವೀರ್ಯಾಣುವನ್ನು ಮೈ ತಾನೇ ಹೀರಿಕೊಳ್ಳುತ್ತದೆ. ಆಸೆ, ಸುಖ, ಮೈ ಬಲ ಯಾವುದೂ ಬದಲಾಗಿಲ್ಲ, ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ಕೊನೆಗೌಡ, ದಿನವಿಡೀ ಅಡಿಕೆ ಮರ ಹತ್ತಿ ಇಳಿಯುವ ಮನುಷ್ಯ, ನನ್ನನ್ನು ಒಂದು ಬದಿಗೆ ಕರೆದು ಕೇಳಿದ, ಒಡೆಯಾ, ಆಮೇಲೆ ಮರ ಹತ್ತಲಿಕ್ಕೆ ಆಗ್ತದಾ ಅಂತ. ಅವನ ಪ್ರಶ್ನೆಯಲ್ಲಿ ಹೊಟ್ಟೆಪಾಡು ಇದೆ. ಗಾಯ ಪೂರ್ತಿ ಮಾಯುವ ತನಕ ತಳೆ (ಮರ ಹತ್ತಲು ಕಾಲಿಗೆ ಹಾಕುವ ಬಳೆ) ಹಾಕಿ ಹತ್ತಬೇಡ, ಡಾಕ್ಟರನ್ನು ಕೇಳಿಯೇ ಹತ್ತು, ಆಮೇಲೆ ಮೊದಲಿನ ಹಾಗೇ ಅಂದೆ. ಅವನ ಹೆಂಡತಿಗೆ ಆಗಲೇ ಆಪರೇಷನ್ ಆಗಿದೆ, ತಮ್ಮನಿಗೆ ಹೇಳುತ್ತೇನೆ ಅಂದ.

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಬೇಜಾರಾಗಿತ್ತು. ತಮಾ, ನಿಂಗೆಂತಕ್ಕೆ ಬೇಕಿತ್ತು ಇದು, ದುಡಿಯುವ ಮೈ ಅಂದಳು. ಆಯಿ, ಅವಳದ್ದೂ ದುಡಿಯುವ ಮೈಯೇ ಅಲ್ವಾ, ಬೆಳಗಾಗೆದ್ದು ಕೊಟ್ಟಿಗೆ, ಅಡುಗೆ, ಅಂಗಳ ಎಲ್ಲ ಮಾಡುವವಳು ಯಾರು ಅಂದೆ. ಆಯಿ ಏನೂ ಹೇಳಲಿಲ್ಲ, ಆದರೆ ಒಂದು ವಾರ ನನ್ನನ್ನು ತೋಟಕ್ಕೆ ಇಳಿಯಲು ಬಿಡಲಿಲ್ಲ.

ದುಡ್ಡಿನ ವಿಷಯ. ಮಾಡಿಸಿಕೊಂಡ ಗಂಡಸಿಗೆ ಸರ್ಕಾರ 1100 ರೂಪಾಯಿ ಕೊಡುತ್ತದೆ, ಕೆಲಸ ತಪ್ಪಿದ ಕೂಲಿಯ ಲೆಕ್ಕದಲ್ಲಿ. ನನ್ನ ಖಾತೆಗೂ ಬಂತು, ತಡವಾಗಿ. ಕೂಲಿ ಮಾಡುವವರಿಗೆ ಒಂದು ವಾರದ ದುಡಿಮೆ ಹೋದರೆ ಅದು ಏನೇನೂ ಸಾಲದು, ಕೂಲಿಗೆ ಸರಿಯಾಗಿ ಏರಿಸಬೇಕು. ಹಾಗಂತ ಬಹುಮಾನದ ಆಸೆ ತೋರಿಸಿ ಕರೆಯುವುದೂ ಬೇಡ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂ ಶಿಬಿರದಲ್ಲಿ ದುಡ್ಡು, ಸಾಮಾನು ಕೊಟ್ಟು ಒಂದೇ ತಿಂಗಳಲ್ಲಿ 60 ಸಾವಿರಕ್ಕೂ ಜಾಸ್ತಿ ಗಂಡಸರಿಗೆ ಮಾಡಿದರು. ಆಗ ದೊಡ್ಡ ಸಾಧನೆ ಅಂದರು. ಆದರೆ ಹಸಿದವನ ಕೈಗೆ ದುಡ್ಡಿಟ್ಟು ಪಡೆದ ಒಪ್ಪಿಗೆ ಪೂರ್ತಿ ಒಪ್ಪಿಗೆ ಅಂತ ನನಗೆ ಅನ್ನಿಸುವುದಿಲ್ಲ. ಚೀನಾ 1980ರಿಂದ 2015ರ ತನಕ ಒಂದೇ ಮಗು ಅಂತ ಕಾನೂನು ಹೇರಿ, ಈಗ ಮೂರು ಮಾಡಿಕೊಳ್ಳಿ ಅಂತ ಕೇಳಿಕೊಂಡರೂ ಜನ ಕೇಳುತ್ತಿಲ್ಲ. ನಮ್ಮಲ್ಲೂ 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅಂದರು. ಕಡಿಮೆ ಮಾಡಿ ಅಂತ ಒತ್ತಾಯಿಸುವುದೂ, ಜಾಸ್ತಿ ಮಾಡಿ ಅಂತ ಒತ್ತಾಯಿಸುವುದೂ ಎರಡೂ ಗಂಡ ಹೆಂಡತಿ ನಡುವೆ ಸರ್ಕಾರ ಬಂದು ಕೂತ ಹಾಗೆ. ಸರ್ಕಾರ ಮಾಡಬೇಕಾದ್ದು, ಕೇಳಿಕೊಂಡು ಬಂದವನಿಗೆ ಮರ್ಯಾದೆಯಿಂದ, ಚೆನ್ನಾಗಿ ಮಾಡಿಕೊಡುವುದು. ಆ ಕೆಲಸವೇ ಇನ್ನೂ ಅರ್ಧ ಆಗಿದೆ.

ಇಲಾಖೆಯವರು ಓದುತ್ತಿದ್ದರೆ ಇದನ್ನು ದಯವಿಟ್ಟು ಗಮನಿಸಿ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರ ತನಕ ಗಂಡಸರ ಎನ್‌ಎಸ್‌ವಿ ಪಾಕ್ಷಿಕ ಮಾಡುತ್ತೀರಿ. ದೆಹಲಿಯಲ್ಲಿ ಕೂತು ನಿಗದಿ ಮಾಡಿದ ದಿನ ಅದು. ನಮ್ಮ ಘಟ್ಟದ ಮೇಲೆ ಅದು ಅಡಿಕೆ ಕೊಯ್ಲು ಶುರುವಾಗುವ ಸಮಯ, ಭತ್ತದ ಗದ್ದೆಯಲ್ಲೂ ಕೆಲಸ. ಮರ ಹತ್ತುವವರು, ಅಡಿಕೆ ಗೊನೆ ಹೊರುವವರು, ಅಡಿಕೆ ಬೇಯಿಸುವವರು ಯಾರಿಗೂ ಉಸಿರು ಬಿಡಲು ಪುರುಸೊತ್ತಿಲ್ಲ. ಕರಾವಳಿಯಲ್ಲಿ, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ, ಅದು ಮೀನುಗಾರಿಕೆಯ ಭರಾಟೆಯ ಕಾಲ. ಒಂದು ವಾರ ದೋಣಿಗೆ ಹೋಗಬೇಡ, ಬಲೆ ಎಳೆಯಬೇಡ ಅಂದರೆ ಯಾರು ಕೇಳುತ್ತಾರೆ? ಅದೇ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ದೋಣಿಯೆಲ್ಲ ದಡದಲ್ಲಿ, ಜನ ಮನೆಯಲ್ಲಿ. ಬಂದರಿನ ಹತ್ತಿರದ ಆಸ್ಪತ್ರೆಗಳಲ್ಲಿ ಆ ಎರಡು ತಿಂಗಳು ಡಾಕ್ಟರನ್ನು ಇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೊಯ್ಲು ಮುಗಿದ ಮೇಲೆ, ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಮೊದಲು, ಅಂದರೆ ಮಾರ್ಚಿನಿಂದ ಮೇ ತನಕ ಇಡಿ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ಇಷ್ಟೊಂದು ಜನ ಬರುತ್ತಾರೆ, ಅಲ್ಲಿ ಒಂದು ಮಳಿಗೆ ಹಾಕಿ, ಮಾಡಿಸಿಕೊಂಡ ಗಂಡಸರನ್ನೇ ಕೂರಿಸಿ ಮಾತಾಡಿಸಿ. ಕರೆದರೆ ನಾನೂ ಬಂದು ಕೂರುತ್ತೇನೆ.

ನನ್ನ ದೊಡ್ಡ ತಕರಾರು ಆಪರೇಷನ್ ಆದ ಮೇಲಿನದು. ನಾಳ ಕಟ್ಟಿದ ದಿನದಿಂದಲೇ ರಕ್ಷಣೆ ಸಿಗುವುದಿಲ್ಲ. ನಾಳದ ಮುಂದಿನ ಭಾಗದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಒಂದೂ ಇಲ್ಲ ಅಂತ ವರದಿ ಬಂದ ಮೇಲೆಯೇ ನಿಶ್ಚಿಂತೆ. ಆಪರೇಷನ್ ವಿಫಲವಾಯ್ತು ಅಂತ ಹೇಳುವ ಎಷ್ಟೋ ಕಥೆಗಳ ಹಿಂದೆ ಈ ಮೂರು ತಿಂಗಳನ್ನು ಕಾಯದೇ ಇದ್ದದ್ದು ಇರುತ್ತದೆ. ಆಗ ಜನ ಏನು ಮಾತಾಡುತ್ತಾರೆ, ಹೆಂಡತಿಯ ಮೇಲೆ ಎಂಥ ಸಂಶಯ ಬರುತ್ತದೆ ಯೋಚನೆ ಮಾಡಿ, ಒಂದು ಸಂಸಾರವೇ ಮುರಿಯಬಹುದು. ಇಷ್ಟು ಮುಖ್ಯವಾದ ವಿಷಯವನ್ನು ನನಗೆ ಹೇಳಿದ್ದು ಹೊರಡುವಾಗ, ಬಾಗಿಲ ಹತ್ತಿರ, ಅವಸರದಲ್ಲಿ. ಮೂರು ತಿಂಗಳಾದ ಮೇಲೆ ಆಸ್ಪತ್ರೆಯಿಂದ ಫೋನೂ ಇಲ್ಲ, ಮೆಸೇಜೂ ಇಲ್ಲ. ನೆನಪಿಸಿದ್ದು ಆಶಾ ಕಾರ್ಯಕರ್ತೆ. ಪರೀಕ್ಷೆಗೆ ಹೋದರೆ ಸ್ಯಾಂಪಲ್ ಕೊಡಲು ಸರಿಯಾದ ಕೋಣೆ ಇಲ್ಲ, ಚಿಲಕ ಇಲ್ಲದ ಶೌಚಾಲಯ ತೋರಿಸಿದರು. ಕೊನೆಗೆ ಹೊರಗಿನ ಲ್ಯಾಬಿನಲ್ಲಿ ನನ್ನ ದುಡ್ಡಿನಿಂದಲೇ ಮಾಡಿಸಿದೆ. ವರದಿ ಸರಿಯಾಗಿ ಬಂತು.

ಹೋಗುವವರಿಗೆ ಇಷ್ಟು. ನಿಮ್ಮೂರ ಆಶಾ ಕಾರ್ಯಕರ್ತೆಯನ್ನೇ ಮೊದಲು ಹಿಡಿಯಿರಿ, ಡಾಕ್ಟರು ಇರುವ ದಿನವನ್ನು ಹಿಂದಿನ ದಿನ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ತೆಗೆದುಕೊಂಡು ಹೋಗಿ. ಸ್ನಾನ ಮಾಡಿ, ಆ ಜಾಗದ ಕೂದಲು ಸಣ್ಣಗೆ ಕತ್ತರಿಸಿಕೊಂಡು, ಬಿಗಿ ಚಡ್ಡಿ ಇಟ್ಟುಕೊಂಡು ಹೋಗಿ. ಮನೆಗೆ ಕರೆತರಲು ಒಬ್ಬರು ಜೊತೆಗಿರಲಿ. ಶುಗರ್ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಇದು ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಆಗಬೇಕು. ಆಪರೇಷನ್ ಆದ ಸರ್ಟಿಫಿಕೇಟನ್ನು ವೀರ್ಯ ಪರೀಕ್ಷೆಯ ವರದಿ ನೋಡಿದ ಮೇಲೆ ಕೊಡುತ್ತಾರೆ, ಅದನ್ನು ಕೇಳಿ ಪಡೆಯಿರಿ, ಮುಂದೆ ಏನಾದರೂ ತೊಂದರೆಯಾದರೆ ಸರ್ಕಾರದಿಂದ ಪರಿಹಾರ ಕೇಳಲು ಅದೇ ದಾಖಲೆ. ಆ ವರದಿ ಕೈಗೆ ಬರುವ ತನಕ ನಿರೋಧ್ ಬಿಡಬೇಡಿ, ಕೇಳಿದರೆ ಆಸ್ಪತ್ರೆಯಲ್ಲೇ ಪುಕ್ಕಟೆ ಕೊಡುತ್ತಾರೆ.